ಕಹಳೆಯೂ ಕಹಳೆಗಾರನೂ

ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ದರ್ಶನಕ್ಕೆ ಹೋಗಿಬಂದವರೆಲ್ಲ ಗುಡಿಯ ಪಕ್ಕದ ಹೆಬ್ಬಂಡೆಯನ್ನು ನೋಡಿಯೇ ಇರುತ್ತೀರಿ. ಅದಕ್ಕೆ ‘ಬ್ಯೂಗಲ್ ರಾಕ್’ ಎಂದು ಹೆಸರು. ಕನ್ನಡದಲ್ಲಿ ಕಹಳೆ ಬಂಡೆ ಎನ್ನುತ್ತಾರೆ. ಕೆಂಪೇಗೌಡರ ಕಾಲದಲ್ಲಿ ಆ ಬಂಡೆಯ ಮೇಲೆ ಕಾವಲುಗೋಪುರವೊಂದು ಇತ್ತಂತೆ. ಹೊತ್ತು ಮುಳುಗಿದ ಮೇಲೆ ಕಾವಲಿನವನು ಪಂಜು ಹಿಡಿದು ನಿಂತು ಕಹಳೆ ಊದುತ್ತಿದ್ದನಂತೆ. ‘ನಾನು ಎಚ್ಚರವಾಗಿದ್ದೇನೆ, ನೀವು ನೆಮ್ಮದಿಯಾಗಿ ಮಲಗಿ’ ಎಂಬುದು ಆ ದನಿಯ ಅರ್ಥ. ಇದು ಬಾಯಿಂದ ಬಾಯಿಗೆ ಬಂದ ಮಾತು. ಶಾಸನದ ಆಧಾರ ಕೇಳಬೇಡಿ. ಆದರೆ ಒಂದನ್ನಂತೂ ಹೇಳಬಹುದು. ಆ ಕಾವಲುಗಾರ ಊದಿದ್ದು ಇಂದು ನಾವು ಬ್ಯೂಗಲ್ ಎನ್ನುವ ವಾದ್ಯವನ್ನಲ್ಲ. ಅದು ನಮ್ಮ ಕೊಂಬೋ ಕಹಳೆಯೋ ಆಗಿರಬೇಕು. ದಂಡಿನ ಬ್ಯೂಗಲ್ ಹುಟ್ಟಿದ್ದು ಅದಕ್ಕೆ ಎರಡು ಶತಮಾನಗಳ ತರುವಾಯ.

ನಾನು ಕನ್ನಡದ ಮೇಷ್ಟ್ರು. ವಾದ್ಯದ ವಿಷಯ ಮಾತನಾಡಬೇಕೆಂದರೂ ಮೊದಲು ಶಬ್ದದ ಬಾಗಿಲನ್ನೇ ತಟ್ಟುವುದು ನನ್ನ ಅಭ್ಯಾಸ, ಕ್ಷಮಿಸಬೇಕು. ಬ್ಯೂಗಲ್ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯ ‘ಬುಕುಲುಸ್’. ಹಾಗೆಂದರೆ ಎಳೆಯ ಹೋರಿ, ಎತ್ತಿನ ಕರು. ಹೋರಿಯ ಕೊಂಬಿನಿಂದ ಮಾಡಿದ ಊದುವ ಸಾಧನಕ್ಕೆ ಮೊದಲು ‘ಹೋರಿಗೊಂಬು’ ಎಂಬರ್ಥದ ಹೆಸರಿತ್ತು. ಕಾಲಕ್ರಮದಲ್ಲಿ ಕೊಂಬು ಬಿಟ್ಟುಹೋಗಿ ಹೋರಿ ಮಾತ್ರ ಉಳಿಯಿತು! ನಮ್ಮಲ್ಲಿ ನಡೆದದ್ದು ಇದಕ್ಕೆ ತಿರುಗು ಮುರುಗು. ಇಲ್ಲಿ ಪ್ರಾಣಿ ಮರೆಯಾಗಿ ಕೊಂಬು ನಿಂತಿತು. ಎತ್ತಿನ ತಲೆಯ ಮೇಲಿರುವುದೂ ಕೊಂಬು, ಜಾತ್ರೆಯಲ್ಲಿ ಊದುವುದೂ ಕೊಂಬು. ಸಂಸ್ಕೃತದ ‘ಶೃಂಗ’ಕ್ಕೂ ಇದೇ ಎರಡು ಅರ್ಥ. ದೇಶ ಯಾವುದಾದರೇನು, ದನ ಕಾಯುವವನು ಬಿದ್ದ ಕೊಂಬನ್ನು ಎತ್ತಿಕೊಂಡು ತುಟಿಗಿಟ್ಟು ಊದಿದ್ದೇ ಈ ವಾದ್ಯಗಳ ಆದಿಪರ್ವ.

ಯುದ್ಧಕ್ಕೂ ಊದುವುದಕ್ಕೂ ಇರುವ ನಂಟು ನಮಗೆ ಹೊಸದಲ್ಲ. ಗೀತೆಯ ಮೊದಲ ಅಧ್ಯಾಯದಲ್ಲಿ ಬಾಣ ಹಾರುವುದಕ್ಕೆ ಮುಂಚೆ ಶಂಖಗಳು ಮೊಳಗುತ್ತವೆ. ಕೃಷ್ಣನ ಪಾಂಚಜನ್ಯ, ಅರ್ಜುನನ ದೇವದತ್ತ, ಭೀಮನ ಪೌಂಡ್ರ ಎಂದು ಒಂದೊಂದಕ್ಕೂ ಹೆಸರಿದೆ. ನಮ್ಮ ನಾಡಿನ ಶಾಸನಗಳಲ್ಲಿ ಸಾಮಂತರನ್ನು ಹೊಗಳುವಾಗ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಮತ್ತೆ ಮತ್ತೆ ಬರುತ್ತದೆ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ತನ್ನ ಮುಂದೆ ಬಾರಿಸಿಕೊಂಡು ಹೋಗುವ ಹಕ್ಕನ್ನು ಪಡೆದವನು ಎಂದು ಅದರ ಅರ್ಥ. ಸದ್ದು ಮಾಡಿಸುವುದಕ್ಕೂ ಚಕ್ರವರ್ತಿಯ ಅಪ್ಪಣೆ ಬೇಕಾಗಿತ್ತು. ಆ ಐದರಲ್ಲಿ ಮೊದಲನೆಯದು ಶೃಂಗ, ಅಂದರೆ ಕೊಂಬು, ಎಂಬುದನ್ನು ಗಮನಿಸಿ. ಕೊಡಗಿನಲ್ಲಿ ಕೊಂಬು-ಕೊಟ್ಟುಗಳ ದನಿ ಇಂದಿಗೂ ಕೇಳುತ್ತದೆ.

ಇನ್ನು ದಂಡಿನ ಬ್ಯೂಗಲ್ಲಿನ ಸಂಗತಿ. 1758ರಲ್ಲಿ ಜರ್ಮನಿಯ ಹ್ಯಾನೋವರ್ ಸಂಸ್ಥಾನದ ಸೇನೆಯಲ್ಲಿ ಅರ್ಧಚಂದ್ರಾಕೃತಿಯ ಲೋಹದ ಕೊಂಬು ಬಳಕೆಗೆ ಬಂದಿತು. 1764ರ ಹೊತ್ತಿಗೆ ಅದು ಇಂಗ್ಲೆಂಡಿನ ಸೈನ್ಯಕ್ಕೆ ಹಬ್ಬಿತು. ಅದಕ್ಕೆ ಕಾರಣವೂ ಇದೆ. ಅದುವರೆಗೆ ಕಾಲಾಳುಗಳಿಗೆ ಅಪ್ಪಣೆ ತಿಳಿಸುತ್ತಿದ್ದುದು ತಮ್ಮಟೆಯ ಬಡಿತ. ಸಾಲುಗಟ್ಟಿ ನಿಂತ ಸೈನ್ಯಕ್ಕೆ ಅದು ಸಾಕಾಗಿತ್ತು. ಆದರೆ ಕಾಡುಮೇಡುಗಳಲ್ಲಿ ಚೆದರಿ ನಿಂತು ಹೋರಾಡುವ ಹಗುರ ಪಡೆಗಳು ಹುಟ್ಟಿಕೊಂಡಾಗ ತಮ್ಮಟೆ ಹೊರೆಯಾಯಿತು. ಅದನ್ನು ಹೊತ್ತು ಪೊದೆಯಲ್ಲಿ ನುಗ್ಗುವಂತಿಲ್ಲ. ಮಳೆ ಬಿದ್ದರೆ ಅದರ ಚರ್ಮ ಸಡಿಲವಾಗಿ ಸದ್ದೇ ಸತ್ತುಹೋಗುತ್ತದೆ. ಕೊಂಬಿಗೆ ಈ ಎರಡು ಕಷ್ಟಗಳೂ ಇಲ್ಲ. ಹೆಗಲಿಗೆ ತೂಗುಹಾಕಿಕೊಂಡು ಓಡಬಹುದು. ಅದರ ದನಿ ಗದ್ದಲವನ್ನು ಸೀಳಿಕೊಂಡು ಬಹುದೂರ ಹೋಗುತ್ತದೆ. ಮುಂದೆ ಆ ಅರ್ಧಚಂದ್ರವನ್ನು ಸುತ್ತಿ ಸುತ್ತಿ ಗಿಡ್ಡಮಾಡಿ ಇಂದಿನ ಆಕಾರಕ್ಕೆ ತಂದರು. ಇಂಗ್ಲಿಷ್ ಮಾದರಿಯ ತಾಮ್ರದ ಬ್ಯೂಗಲ್ಲನ್ನು ಬಿಚ್ಚಿ ನೇರ ಮಾಡಿದರೆ ಸುಮಾರು ನಾಲ್ಕೂವರೆ ಅಡಿ ಉದ್ದದ ಕೊಳವೆಯಾಗುತ್ತದೆ.

ಈ ಕೊಳವೆಯಲ್ಲಿ ಕೊಳಲಿನಂತೆ ತೂತುಗಳಿಲ್ಲ, ಹಾರ್ಮೋನಿಯಮ್ಮಿನಂತೆ ಮನೆಗಳಿಲ್ಲ, ಒತ್ತುವ ಗುಂಡಿಗಳೂ ಇಲ್ಲ. ಹಾಗಾದರೆ ಸ್ವರ ಬದಲಾಗುವುದು ಹೇಗೆ? ಊದುವವನ ತುಟಿಯ ಬಿಗಿತದಿಂದ ಮತ್ತು ಉಸಿರಿನ ಒತ್ತಡದಿಂದ. ತುಟಿ ಬಿಗಿಯಾದಷ್ಟೂ ಕೊಳವೆಯೊಳಗಿನ ಗಾಳಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ನಡುವಿನ ಸ್ವರಗಳು ಅದಕ್ಕೆ ದಕ್ಕುವುದಿಲ್ಲ. ಹೀಗೆ ಬಳಕೆಗೆ ಸಿಕ್ಕುವುದು ಐದೇ ದನಿಗಳು. ಅವುಗಳ ಕಂಪನಗಳು 2, 3, 4, 5, 6 ಎಂಬ ಪ್ರಮಾಣದಲ್ಲಿರುತ್ತವೆ. ಸಂಗೀತ ಬಲ್ಲ ಶ್ರೋತೃಗಳಿಗೆ ನಮ್ಮ ಮಾತಿನಲ್ಲೇ ಹೇಳಿಬಿಡುತ್ತೇನೆ: ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಮೇಲಿನ ಅಂತರ ಗಾಂಧಾರ, ಅದರ ಮೇಲಿನ ಪಂಚಮ. ಚೆನ್ನಾಗಿ ಶ್ರುತಿಮಾಡಿದ ತಂಬೂರಿಯನ್ನು ಮೀಟಿ ಸುಮ್ಮನೆ ಕಿವಿಗೊಟ್ಟರೆ, ಯಾರೂ ಹಾಡದ ಗಾಂಧಾರವೊಂದು ತಂತಿಯಿಂದ ತಾನಾಗಿಯೇ ತೇಲಿಬರುತ್ತದಲ್ಲವೆ? ಬ್ಯೂಗಲ್ಲಿನ ಗಾಂಧಾರವೂ ಅದೇ. ಮನುಷ್ಯ ಕಟ್ಟಿದ್ದಲ್ಲ, ಪ್ರಕೃತಿಯೇ ಇಟ್ಟದ್ದು.

ಐದು ದನಿಗಳಾದರೂ ಹೆಸರಿನಿಂದ ಎಣಿಸಿದರೆ ಮೂರೇ ಸ್ವರ: ಸ, ಗ, ಪ. ನಮ್ಮ ಹಳೆಯ ಲಕ್ಷಣಕಾರರು ಒಂದು ಸ್ವರದ ಗಾನವನ್ನು ಆರ್ಚಿಕ, ಎರಡರದನ್ನು ಗಾಥಿಕ, ಮೂರರದನ್ನು ಸಾಮಿಕ ಎಂದು ಕರೆದರು. ಐದು ಸ್ವರಗಳಾದಾಗ ಔಡವ. ರಾಗದ ಮಾತು ಅಲ್ಲಿಂದ ಮುಂದೆ. ಆ ಲೆಕ್ಕದಲ್ಲಿ ಬ್ಯೂಗಲ್ಲು ರಾಗದ ಹೊಸ್ತಿಲನ್ನು ದಾಟದ ವಾದ್ಯ. ಇಷ್ಟು ಬಡ ಸಾಮಗ್ರಿಯಲ್ಲಿ ಅದು ಸಾಧಿಸಿದ್ದನ್ನು ನೋಡಿದರೆ ಮಾತ್ರ ಆಶ್ಚರ್ಯವಾಗುತ್ತದೆ.

ದಂಡಿನ ದಿನಚರಿಯನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ ಎಬ್ಬಿಸುವ ಕರೆಗೆ ‘ರಿವ್ಯಾಲಿ’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ‘ಎಚ್ಚರಗೊಳ್ಳಿ’ ಎಂಬ ಮಾತಿನಿಂದ ಬಂದದ್ದು. ನಮಗೆ ಸುಪ್ರಭಾತ ಹೇಗೋ ಸಿಪಾಯಿಗೆ ಇದು ಹಾಗೆ. ಊಟಕ್ಕೆ ಒಂದು ಕರೆ, ಕಾಗದ ಬಂದರೆ ಒಂದು ಕರೆ, ಬೆಂಕಿ ಬಿದ್ದರೆ ಒಂದು, ಅಧಿಕಾರಿಗಳನ್ನು ಕೂಡಿಸಲು ಒಂದು, ಹೊತ್ತು ಮುಳುಗುವಾಗ ಧ್ವಜವಿಳಿಸಲು ಒಂದು. ರಾತ್ರಿ ಅಧಿಕಾರಿ ಕಾವಲು ಠಾಣ್ಯಗಳನ್ನು ಸುತ್ತಿ ಕೊನೆಯದನ್ನು ಮುಟ್ಟಿದಾಗ ಊದುವುದು ‘ಲಾಸ್ಟ್ ಪೋಸ್ಟ್’, ಎಂದರೆ ಕೊನೆಯ ಠಾಣ್ಯ. ದೀಪ ಆರಿಸಲು ಮತ್ತೊಂದು. ಇವನ್ನೆಲ್ಲ ಗುರುತಿಟ್ಟುಕೊಳ್ಳಲು ಸಿಪಾಯಿಗಳು ಒಂದೊಂದು ಕರೆಗೂ ತಮಗೆ ತೋಚಿದ ತಮಾಷೆಯ ಮಾತುಗಳನ್ನು ಕೂಡಿಸಿಕೊಳ್ಳುತ್ತಿದ್ದರು. ನಾವು ಗಣಗಳನ್ನು ನೆನಪಿಡಲು ‘ಯಮಾತಾರಾಜಭಾನಸಲಗಂ’ ಎಂದು ಉರುಹೊಡೆಯಲಿಲ್ಲವೆ? ಹಾಗೆಯೇ.

ಕಾವಲು ಮುಗಿಯಿತು, ಇನ್ನು ವಿಶ್ರಾಂತಿ ಎಂದು ಸಾರುತ್ತಿದ್ದ ಆ ‘ಲಾಸ್ಟ್ ಪೋಸ್ಟ್’ ಕರೆಯೇ ಮುಂದೆ ಮಡಿದ ಸೈನಿಕನ ಗೋರಿಯ ಬಳಿ ಊದುವ ಕರೆಯಾಯಿತು. ಬೆಲ್ಜಿಯಂ ದೇಶದಲ್ಲಿ ಈಪರ್ ಎಂಬ ಪಟ್ಟಣವಿದೆ. ಮೊದಲ ಮಹಾಯುದ್ಧದಲ್ಲಿ ಅದರ ಸುತ್ತ ಸತ್ತು, ದೇಹವೂ ಸಿಕ್ಕದೆ ಹೋದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಅಲ್ಲಿಯ ಮೆನಿನ್ ಹೆಬ್ಬಾಗಿಲಿನ ಗೋಡೆಗಳಲ್ಲಿ ಕೊರೆದಿದ್ದಾರೆ. ಅವುಗಳಲ್ಲಿ ನಾನೂರಕ್ಕೂ ಹೆಚ್ಚು ಹೆಸರುಗಳು ಭಾರತದ ಸೈನಿಕರವು. 1928ರಲ್ಲಿ ಅಲ್ಲಿ ಲಾಸ್ಟ್ ಪೋಸ್ಟ್ ಊದುವ ಪದ್ಧತಿ ಆರಂಭವಾಯಿತು. ಇಂದಿಗೂ ಪ್ರತಿರಾತ್ರಿ ಎಂಟು ಗಂಟೆಗೆ ವಾಹನಗಳನ್ನು ನಿಲ್ಲಿಸಿ, ಹೆಬ್ಬಾಗಿಲ ಕಮಾನಿನ ಕೆಳಗೆ ನಿಂತು ಊದುತ್ತಾರೆ. ಊದುವವರು ಸೈನಿಕರಲ್ಲ, ಆ ಊರಿನ ಅಗ್ನಿಶಾಮಕ ದಳದೊಂದಿಗೆ ಸೇರಿದ ಜನ. 1940ರ ಮೇ ತಿಂಗಳಲ್ಲಿ ಜರ್ಮನರು ಊರನ್ನು ಹಿಡಿದಾಗ ಕರೆ ನಿಂತಿತು. 1944ರ ಸೆಪ್ಟೆಂಬರ್ 6ರಂದು ಪೋಲೆಂಡಿನ ಪಡೆಗಳು ಊರನ್ನು ಬಿಡಿಸಿದವು. ಆಚೆಯ ಬೀದಿಗಳಲ್ಲಿ ಇನ್ನೂ ಗುಂಡಿನ ಸದ್ದು ಕೇಳುತ್ತಿರುವಾಗಲೇ, ಅದೇ ಸಂಜೆ, ಕಮಾನಿನ ಕೆಳಗೆ ಕಹಳೆ ಮತ್ತೆ ಮೊಳಗಿತು.

ಇಷ್ಟು ಹೊತ್ತು ವಾದ್ಯದ ಮಾತಾಯಿತು. ಊದಿದವರು ಯಾರು? ಬಹಳ ಮಟ್ಟಿಗೆ ಅವರು ಹುಡುಗರು. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸಿನವರು. 1899ರ ಡಿಸೆಂಬರ್ 15ರಂದು ದಕ್ಷಿಣ ಆಫ್ರಿಕದ ಕೊಲೆನ್ಸೊ ಕದನದಲ್ಲಿ ಜಾನ್ ಡನ್ ಎಂಬ ಬಾಲಕ ಗಾಯಗೊಂಡ. ನದಿಯಲ್ಲಿ ಅವನ ಬ್ಯೂಗಲ್ ಕಳೆದುಹೋಯಿತು. ವಿಕ್ಟೋರಿಯಾ ರಾಣಿ ಅವನಿಗೆ ಹೊಸ ಬ್ಯೂಗಲ್ ಕೊಟ್ಟಳು. ಇಂಗ್ಲೆಂಡೆಲ್ಲ ಅವನನ್ನು ಕೊಂಡಾಡಿತು. ಜಪಾನಿನಲ್ಲಿ ಕಿಗುಚಿ ಕೊಹೇ ಎಂಬವನ ಕಥೆಯಿದೆ. 1894ರ ಚೀನಾ ಯುದ್ಧದಲ್ಲಿ ಗುಂಡು ತಗುಲಿದರೂ ತುಟಿಯಿಂದ ಬ್ಯೂಗಲ್ ತೆಗೆಯದೆ ಸತ್ತನೆಂದು ಅಲ್ಲಿಯ ಶಾಲಾಪುಸ್ತಕಗಳು 1945ರ ತನಕ ಮಕ್ಕಳಿಗೆ ಹೇಳಿಕೊಟ್ಟವು. ಮೊದಮೊದಲು ಅದೇ ಕಥೆಯನ್ನು ಬೇರೊಬ್ಬ ಸೈನಿಕನ ಹೆಸರಿನಲ್ಲಿ ಹೇಳುತ್ತಿದ್ದರು. ಆಮೇಲೆ ಹೆಸರು ಬದಲಾಯಿತು, ಕಥೆ ಹಾಗೆಯೇ ಉಳಿಯಿತು. ಪಾಠ ಹೇಳುವವನಾದ ನನಗೆ ಇದನ್ನು ಓದಿದಾಗ ಮನಸ್ಸು ಕಹಿಯಾಯಿತು. ಹುಡುಗನಿಗೆ ಊದುವುದನ್ನು ಕಲಿಸುವುದು ಬೇರೆ, ಸಾಯುವುದನ್ನು ಕಲಿಸುವುದು ಬೇರೆ.

ನನಗೆ ಹೆಚ್ಚು ಪ್ರಿಯನಾದವನು ಫ್ರಾನ್ಸಿನ ಪಿಯೇರ್ ಸೆಲಿಯೇ. 1918ರ ನವೆಂಬರ್ 7ರ ರಾತ್ರಿ, ಸಂಧಾನಕ್ಕೆಂದು ಬಂದ ಜರ್ಮನ್ ಪ್ರತಿನಿಧಿಗಳ ಮೋಟಾರಿನೊಡನೆ ಹೋಗುತ್ತಾ ‘ಗುಂಡು ನಿಲ್ಲಿಸಿ’ ಎಂಬ ಕರೆಯನ್ನು ಊದಿದವನು ಈತ. ನಾಲ್ಕು ವರ್ಷ ಹೆಣ ಬಿದ್ದ ನೆಲದ ಮೇಲೆ ಹಾದುಹೋದ ಮೊದಲನೆಯ ಶಾಂತಿಯ ದನಿ ಅದು. ಅವನ ಬ್ಯೂಗಲ್ ಪ್ಯಾರಿಸ್ಸಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ.

ಸಂಗೀತದ ಲೋಕವೂ ಈ ಬಡ ವಾದ್ಯವನ್ನು ಕೈಬಿಡಲಿಲ್ಲ. 1810ರಲ್ಲಿ ಜೋಸೆಫ್ ಹ್ಯಾಲಿಡೇ ಎಂಬ ಐರಿಷ್ ಸೇನಾವಾದ್ಯಗಾರ ಬ್ಯೂಗಲ್ಲಿಗೆ ತೂತು ಕೊರೆದು, ಅವನ್ನು ಮುಚ್ಚಿ ತೆರೆಯುವ ಐದು ಕೀಲಿಗಳನ್ನು ಜೋಡಿಸಿ ಹಕ್ಕುಪತ್ರ ಪಡೆದ. ಕೊಂಬಿಗೆ ಎಲ್ಲ ಸ್ವರಗಳೂ ಬಂದವು. ಕೆಲವು ದಶಕ ವಾದ್ಯಮೇಳಗಳಲ್ಲಿ ಅದು ಮೆರೆದು, ಆಮೇಲೆ ಬಂದ ಹೆಚ್ಚು ಅನುಕೂಲದ ವಾದ್ಯಗಳಿಗೆ ಜಾಗ ಬಿಟ್ಟುಕೊಟ್ಟಿತು. ಆದರೆ ನಾನು ಹೇಳಬೇಕೆಂದಿರುವುದು ಇನ್ನೊಂದು ಪ್ರಸಂಗ. ಇಂಗ್ಲೆಂಡಿನ ವಾನ್ ವಿಲಿಯಮ್ಸ್ ಎಂಬ ದೊಡ್ಡ ಸಂಗೀತಗಾರ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ದಳದಲ್ಲಿದ್ದರು. ಒಂದು ಸಂಜೆ ಹತ್ತಿರದಲ್ಲಿ ಯಾರೋ ಬ್ಯೂಗಲ್ ಅಭ್ಯಾಸ ಮಾಡುತ್ತಿದ್ದ. ಅವನು ಮೇಲಿನ ಸ್ವರ ಹಿಡಿಯಲು ಹೋಗಿ ತಪ್ಪಿ ಪಕ್ಕದ ಏಳನೆಯದನ್ನು ಹಿಡಿಯುತ್ತಿದ್ದನಂತೆ. ನಮ್ಮ ನಿಷಾದಕ್ಕೂ ಕೊಂಚ ತಗ್ಗಿದ, ಯಾವ ಲೆಕ್ಕಕ್ಕೂ ಸೇರದ ದನಿ ಅದು. ಆ ತಪ್ಪು ಅವರ ಕಿವಿಯಲ್ಲಿ ಉಳಿಯಿತು. 1922ರಲ್ಲಿ ಹೊರಬಂದ ಅವರ ‘ಪಾಸ್ಟರಲ್ ಸಿಂಫನಿ’ಯ ಎರಡನೆಯ ಭಾಗದಲ್ಲಿ, ಉಳಿದ ವಾದ್ಯಗಳೆಲ್ಲ ತಗ್ಗಿ ನಿಂತಾಗ, ಕೀಲಿಯಿಲ್ಲದ ತುತ್ತೂರಿಯೊಂದು ಒಂಟಿಯಾಗಿ ಆ ಏಳನೆಯ ದನಿಯನ್ನು ನುಡಿಯುತ್ತದೆ.

ಅಮೆರಿಕದಲ್ಲಿ ಲಾಸ್ಟ್ ಪೋಸ್ಟಿಗೆ ಸಮನಾದ ಕರೆ ‘ಟ್ಯಾಪ್ಸ್’. 1862ರ ಅಂತರ್ಯುದ್ಧದ ಕಾಲದಲ್ಲಿ ವರ್ಜೀನಿಯದ ಬೀಡಿನಲ್ಲಿ ಸೇನಾನಿ ಬಟರ್‌ಫೀಲ್ಡ್ ಹಳೆಯ ಕರೆಯೊಂದನ್ನು ತಿದ್ದಿ, ಆಲಿವರ್ ನಾರ್ಟನ್ ಎಂಬ ತನ್ನ ಕಹಳೆಗಾರನಿಂದ ಊದಿಸಿದ. ಒಟ್ಟು 24 ಸ್ವರ. ಅದೇ ವರ್ಷ ಒಬ್ಬ ಫಿರಂಗಿ ಸೈನಿಕನನ್ನು ಹೂಳುವಾಗ, ಬಂದೂಕು ಹಾರಿಸಿದರೆ ಹತ್ತಿರದಲ್ಲಿದ್ದ ಶತ್ರುಗಳು ಕದನವೆಂದು ತಿಳಿದಾರೆಂದು, ಗುಂಡಿಗೆ ಬದಲಾಗಿ ಈ ಕರೆಯನ್ನು ಊದಿದರು. ಸಂಸ್ಕಾರದಲ್ಲಿ ಅದು ಸೇರಿದ್ದು ಹೀಗೆ.

1963ರ ನವೆಂಬರ್ 25. ಅಧ್ಯಕ್ಷ ಕೆನಡಿಯವರ ಅಂತ್ಯಸಂಸ್ಕಾರ. ಸೇನಾವಾದ್ಯಮೇಳದ ಸಾರ್ಜೆಂಟ್ ಕೀತ್ ಕ್ಲಾರ್ಕ್ ಆರ್ಲಿಂಗ್ಟನ್ ಸ್ಮಶಾನದ ಚಳಿಯಲ್ಲಿ ಸುಮಾರು ಮೂರು ಗಂಟೆ ನಿಂತು ಕಾದಿದ್ದ. ಹತ್ತಿರದಲ್ಲೇ ಗುಂಡಿನ ವಂದನೆಯಾಯಿತು. ಜಗತ್ತೆಲ್ಲ ಕಿವಿಗೊಟ್ಟಿರುವಾಗ ಅವನು ಬ್ಯೂಗಲ್ ಎತ್ತಿದ. ಆರನೆಯ ಸ್ವರ ಒಡೆದುಹೋಯಿತು. ನುರಿತ ವಾದಕ, ಬದುಕಿನ ಅತ್ಯಂತ ದೊಡ್ಡ ಗಳಿಗೆ, ತಪ್ಪಿದ್ದು ಒಂದೇ ಒಂದು ಸ್ವರ. ಆದರೆ ಕೇಳಿದ ಜನ ಅದನ್ನು ತಪ್ಪೆಂದು ಎಣಿಸಲಿಲ್ಲ. ಒಂದು ರಾಷ್ಟ್ರದ ಬಿಕ್ಕಳಿಕೆ ಕಹಳೆಯಲ್ಲಿ ಕೇಳಿಸಿತು ಎಂದು ಬಗೆದರು.

ಕದನದಲ್ಲಿ ಬ್ಯೂಗಲ್ಲಿನ ಕೆಲಸ ಈಗ ಮುಗಿದಿದೆ. ಭಾರಿ ಫಿರಂಗಿಗಳ ಆರ್ಭಟದಲ್ಲಿ ಅದರ ದನಿ ಮುಳುಗಿತು. ಮೊದಲು ಟೆಲಿಫೋನು, ಆಮೇಲೆ ನಿಸ್ತಂತು ಅದರ ಸ್ಥಾನಕ್ಕೆ ಬಂದವು. ನಿಮ್ಮ ಮನೆಯ ರೇಡಿಯೋವಿನ ಒಡಹುಟ್ಟಿದವನೇ ಕಹಳೆಗಾರನ ಅನ್ನ ಕಿತ್ತುಕೊಂಡನೆಂದು ಹೇಳಿದರೆ ಆಕಾಶವಾಣಿಯವರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ! ಇಂದು ಅದು ಉಳಿದಿರುವುದು ಕವಾಯತಿನಲ್ಲಿ, ಧ್ವಜವಂದನೆಯಲ್ಲಿ, ಪ್ರತಿವರ್ಷ ಜನವರಿ 29ರಂದು ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಸಂಜೆಯ ಸೇನಾವಾದ್ಯಗಳ ಸಮಾರಂಭದಲ್ಲಿ, ಮತ್ತು ಸಂಸ್ಕಾರಗಳಲ್ಲಿ. ಅಲ್ಲಿಯೂ ಕಹಳೆಗಾರರು ಸಾಲದಾಗಿದ್ದಾರೆ. ಅಮೆರಿಕದಲ್ಲಿ 2000ದಿಂದ, ಮಾಜಿ ಸೈನಿಕ ಸತ್ತಾಗ ಕುಟುಂಬದವರು ಬಯಸಿದರೆ ಟ್ಯಾಪ್ಸ್ ಕೇಳಿಸಲೇಬೇಕೆಂದು ಕಾನೂನಿದೆ. ಊದುವವರು ಸಿಕ್ಕದಿದ್ದರೆ ಧ್ವನಿಮುದ್ರಿಕೆಯೂ ಆಗಬಹುದು. 2003ರಲ್ಲಿ ಒಂದು ಹೊಸ ಉಪಾಯ ಬಂದಿತು. ಬ್ಯೂಗಲ್ಲಿನ ಬಾಯೊಳಗೆ ಸಣ್ಣ ಯಂತ್ರವನ್ನಿಟ್ಟು, ಸೈನಿಕ ಗುಂಡಿ ಒತ್ತಿ ಬ್ಯೂಗಲ್ಲನ್ನು ತುಟಿಗೆ ಹಿಡಿದು ನಿಲ್ಲುತ್ತಾನೆ. 24 ಸ್ವರಗಳೂ ಶುದ್ಧವಾಗಿ ಬರುತ್ತವೆ. ಆರನೆಯದು ಎಂದೂ ಒಡೆಯುವುದಿಲ್ಲ.

ಈ ಸುದ್ದಿಯನ್ನು ಓದಿದಾಗ ನನಗೆ ನಮ್ಮೂರಿನದೇ ಒಂದು ಸಂಗತಿ ನೆನಪಾಯಿತು. ಅದನ್ನು ಹೇಳಿ ಮುಗಿಸುತ್ತೇನೆ.

ನಮ್ಮೂರಿನಲ್ಲಿ ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರಿದ್ದರು. ಪಲ್ಟನ್ನಿನಲ್ಲಿ ಕಹಳೆಗಾರರಾಗಿದ್ದವರು. ನಮ್ಮ ಶಾಲೆಯ ಸ್ಕೌಟ್ ದಳದ ಹುಡುಗನೊಬ್ಬನಿಗೆ ಪ್ರತಿ ಸಂಜೆ ಕೆರೆಯ ಏರಿಯ ಮೇಲೆ ಬ್ಯೂಗಲ್ ಕಲಿಸುತ್ತಿದ್ದರು. ಅವನಿಗೆ ಛಂದಸ್ಸು ತಲೆಗೆ ಹತ್ತುತ್ತಿರಲಿಲ್ಲ. ಒಮ್ಮೆ ತರಗತಿಯಲ್ಲಿ, “ಊದುವುದೊಂದು ಬಿಟ್ಟರೆ ನಿನಗೆ ಇನ್ನೇನು ಬರುತ್ತದೋ?” ಎಂದು ಎಲ್ಲರೆದುರಿಗೆ ಅಂದುಬಿಟ್ಟೆ. ಹುಡುಗರು ನಕ್ಕರು. ಮರುದಿನ ಹವಾಲ್ದಾರರು ದಾರಿಯಲ್ಲಿ ಸಿಕ್ಕಿದರು. “ಪಂಡಿತರೇ, ಇಪ್ಪತ್ತು ಕರೆ ಅವನ ಕಿವಿಯಲ್ಲಿ ನಿಂತಿವೆ. ಲಘು ಯಾವುದು ಗುರು ಯಾವುದು ಅಂತ ಅವನಿಗೆ ಗೊತ್ತು. ಹೆಸರು ಗೊತ್ತಿಲ್ಲ, ಅಷ್ಟೇ” ಎಂದರು. ನಾನು ಉತ್ತರ ಹೇಳಲಾರದೆ ಹೋದೆ.

ಎರಡು ವರ್ಷ ಕಳೆದು ಹವಾಲ್ದಾರರು ತೀರಿಕೊಂಡರು. ಚಿತೆಯ ಬಳಿ ಯಾರೋ ಒಬ್ಬರು ಮೊಬೈಲಿನಲ್ಲಿ ಲಾಸ್ಟ್ ಪೋಸ್ಟ್ ಸಿದ್ಧಮಾಡಿಕೊಂಡು ನಿಂತಿದ್ದರು. ಅಷ್ಟರಲ್ಲಿ ಆ ಹುಡುಗ ಬ್ಯೂಗಲ್ ಹಿಡಿದು ಮುಂದೆ ಬಂದ. ಊದತೊಡಗಿದ. ಮೊದಲರ್ಧ ಸರಿಯಾಗಿಯೇ ಬಂತು. ಮೇಲಿನ ಪಂಚಮಕ್ಕೆ ಏರುವಲ್ಲಿ ದನಿ ಒಡೆಯಿತು. ನಿಲ್ಲಿಸಿದ, ತುಟಿ ಒರೆಸಿಕೊಂಡ, ಒಡೆದಲ್ಲಿಂದಲೇ ಹಿಡಿದು ಕೊನೆಮುಟ್ಟಿಸಿದ. ಆಮೇಲೆ ನನ್ನ ಪಕ್ಕಕ್ಕೆ ಬಂದು, “ಕೆಡಿಸಿಬಿಟ್ಟೆ, ಸಾರ್” ಎಂದು ತಲೆ ತಗ್ಗಿಸಿದ. ನನಗಿಂತ ಮೊದಲು ಹವಾಲ್ದಾರರ ಮಡದಿಯೇ ಅವನ ಬೆನ್ನ ಮೇಲೆ ಕೈಯಿಟ್ಟರು. “ಇಲ್ಲ ಕಣಪ್ಪ, ನೀನು ಅತ್ತಿದ್ದು ಅವರಿಗೆ ಕೇಳಿಸಿತು” ಎಂದರು.

ಮೊಬೈಲಿನ ಕಹಳೆ ತಪ್ಪುತ್ತಿರಲಿಲ್ಲ, ನಿಜ. ಆದರೆ ಅದಕ್ಕೆ ಆ ಮುದುಕರು ಗೊತ್ತಿರಲಿಲ್ಲ. ಕಹಳೆಯಲ್ಲಿ ಇರುವುದು ಐದೇ ದನಿ. ಉಳಿದದ್ದೆಲ್ಲ ಊದುವವನ ಉಸಿರು. ತಪ್ಪುವ ಶಕ್ತಿಯಿರುವ ಉಸಿರಿಗೆ ಮಾತ್ರ ಮನ್ನಣೆ ಸಲ್ಲಿಸುವ ಯೋಗ್ಯತೆಯೂ ಇರುತ್ತದೆಯೆಂದು ನನಗೆ ಅಂದು ತೋರಿತು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಶಾಲೆಯಿಂದ ಬ್ಯೂಗಲ್ ತಂದು, ಸಂಜೆಯ ಹೊತ್ತಿನಲ್ಲಿ ಕರ್ಕಶವಾಗಿ ಅಭ್ಯಾಸ ಮಾಡಿದರೆ ದಯವಿಟ್ಟು ಗದರಿಸಬೇಡಿ. ಬೇಕಾದರೆ ಕಿಟಕಿ ಮುಚ್ಚಿಕೊಳ್ಳಿ. ರೇಡಿಯೋವನ್ನು ಸ್ವಲ್ಪ ತಗ್ಗಿಸಿದರೆ ಇನ್ನೂ ಒಳ್ಳೆಯದು.

ಆ ಹುಡುಗ ಈಗ ಒಂದು ಊರಿನ ಪೊಲೀಸ್ ವಾದ್ಯಮೇಳದಲ್ಲಿದ್ದಾನೆ. ಕಳೆದ ವರ್ಷ ಬಂದಾಗ, “ಯಮಾತಾರಾಜಭಾನಸಲಗಂ ಈಗಲೂ ನೆನಪಿದೆ, ಸಾರ್” ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ದಿನದ ನನ್ನ ಮಾತು ಅವನಿಗೆ ಮರೆತಿದೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.